ಕನಸಿನ ಹಾವಿಗೆ ಅರ್ಥ ಎಲ್ಲಿಂದ ಬರುತ್ತದೆ?

ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಚಂದ್ರಗುಪ್ತ ಮೌರ್ಯನ ಹದಿನಾರು ಕನಸುಗಳ ಕಥೆಯಿದೆ. ಅರಸ ಮುಳುಗುವ ಸೂರ್ಯನನ್ನು ಕಂಡ, ಕಲ್ಪವೃಕ್ಷದ ಕೊಂಬೆ ಮುರಿದದ್ದನ್ನು ಕಂಡ, ಬತ್ತಿದ ಕೆರೆ ಕಂಡ, ಸಿಂಹಾಸನದ ಮೇಲೆ ಕೂತ ಕೋತಿ ಕಂಡ, ಚಿನ್ನದ ಬಟ್ಟಲಿನಲ್ಲಿ ಪಾಯಸ ತಿನ್ನುವ ನಾಯಿ ಕಂಡ. ಕೊನೆಗೆ ಹನ್ನೆರಡು ಹೆಡೆಯ ಹಾವೊಂದು ತನ್ನತ್ತ ಬರುವುದನ್ನು ಕಂಡ. ಭದ್ರಬಾಹು ಮುನಿಗಳು ಆ ಹಾವನ್ನು ಹನ್ನೆರಡು ವರ್ಷಗಳ ಕ್ಷಾಮವೆಂದು ಬಿಡಿಸಿ ಹೇಳಿದರು, ಅರಸ ರಾಜ್ಯ ತೊರೆದು ಗುರುವಿನ ಹಿಂದೆ ದಕ್ಷಿಣಕ್ಕೆ ಬಂದ ಎಂದು ದೇವಚಂದ್ರನ ‘ರಾಜಾವಳಿ ಕಥೆ’ ಹೇಳುತ್ತದೆ. ಜರ್ಮನಿಯ ರಸಾಯನ ವಿಜ್ಞಾನಿ ಆಗಸ್ಟ್ ಕೆಕುಲೆಗೆ ಕಂಡದ್ದೂ ಹಾವೇ. ಬೆಂಕಿಯ ಮುಂದೆ ತೂಕಡಿಸುತ್ತಿದ್ದಾಗ ಹಾವೊಂದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಸುತ್ತುತ್ತಿತ್ತು, ಬೆಂಜೀನ್ ಅಣುವಿನ ಉಂಗುರದಂಥ ರಚನೆ ಹೊಳೆದದ್ದು ಅದರಿಂದಲೇ ಎಂದು ಆತ 1890ರಲ್ಲಿ ಬರ್ಲಿನ್ನಿನ ಸನ್ಮಾನ ಸಮಾರಂಭದಲ್ಲಿ ಹೇಳಿಕೊಂಡ. ಫ್ರಾಯ್ಡ್ ಪಂಥದವರಿಗೆ ಕನಸಿನ ಹಾವು ಪುರುಷಾಂಗದ ಸಂಕೇತ. ನಮ್ಮ ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಾವು ಕನಸಿಗೆ ಬಂತೆಂದರೆ ನಾಗನಿಗೆ ಸಲ್ಲಬೇಕಾದದ್ದು ಏನೋ ಬಾಕಿ ಉಳಿದಿದೆಯೆಂಬ ಅಳುಕು. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸುವ ಮಾತು ಶುರುವಾಗುತ್ತದೆ. ಕ್ಷಾಮ, ಅಣು, ಕಾಮ, ಹರಕೆ: ಒಂದೇ ಪ್ರಾಣಿ ಇಷ್ಟೆಲ್ಲ ಅರ್ಥ ಕೊಡುವುದಾದರೆ ಅರ್ಥ ಪ್ರಾಣಿಯೊಳಗೆ ಇಲ್ಲ ಎಂದಾಯಿತು. ಅದು ಕನಸು ಕಂಡವರ ಬದುಕಿನೊಳಗಿದೆ. ಪ್ರತಿ ಕನಸಿಗೂ ಒಂದು ನಿಶ್ಚಿತ ಫಲವಿದೆ ಎನ್ನುವವರೂ, ಕನಸೆಲ್ಲ ಮಿದುಳಿನ ಗದ್ದಲ, ಅದಕ್ಕೆ ಅರ್ಥವೇ ಇಲ್ಲ ಎನ್ನುವವರೂ ಈ ಸರಳ ಸಂಗತಿಯನ್ನು ಒಂದೊಂದು ಬಗೆಯಲ್ಲಿ ಕೈಬಿಡುತ್ತಾರೆ ಎಂಬುದು ನನ್ನ ವಾದ.

ಕನಸಿಗೆ ಫಲ ಹೇಳುವ ಪಟ್ಟಿಗಳು ಬಹಳ ಹಳೆಯವು. ಅಥರ್ವವೇದದ ಪರಿಶಿಷ್ಟದಲ್ಲಿ ಸ್ವಪ್ನಾಧ್ಯಾಯವಿದೆ, ಜಗದ್ದೇವನ ‘ಸ್ವಪ್ನಚಿಂತಾಮಣಿ’ ಇದೆ, ಇವತ್ತಿನ ಪಂಚಾಂಗಗಳಲ್ಲೂ ಸ್ವಪ್ನಫಲದ ಪುಟ ಸಿಗುತ್ತದೆ. ಗ್ರೀಕರಲ್ಲಿ ಕ್ರಿ.ಶ. ಎರಡನೆಯ ಶತಮಾನದ ಆರ್ಟಿಮಿಡೋರಸ್ ಐದು ಸಂಪುಟಗಳ ಸ್ವಪ್ನಶಾಸ್ತ್ರವನ್ನೇ ಬರೆದ. ಈ ಪಟ್ಟಿಗಳ ಬಲಾಬಲವನ್ನು ಒಂದೇ ಕನಸಿನ ಮೇಲೆ ಪರೀಕ್ಷಿಸಿ ನೋಡಬಹುದು. ಹಲ್ಲು ಉದುರುವ ಕನಸು ಹೆಚ್ಚುಕಡಿಮೆ ಎಲ್ಲ ದೇಶದವರಿಗೂ ಬೀಳುತ್ತದೆ. ಬಾಯಿಯೊಳಗೆ ಹಲ್ಲೊಂದು ಸಡಿಲವಾಗುತ್ತದೆ, ನಾಲಗೆ ಸೋಕಿದ್ದೇ ತಡ ಕಿತ್ತು ಬರುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಎಚ್ಚರವಾದವರು ಮೊದಲು ಮಾಡುವ ಕೆಲಸವೇ ಬಾಯಿ ಮುಟ್ಟಿ ನೋಡಿಕೊಳ್ಳುವುದು. ನಮ್ಮಲ್ಲಿ ಇದನ್ನು ಮನೆಯ ಹಿರಿಯರ ಸಾವಿನ ಸೂಚನೆಯೆಂದು ತಿಳಿದು ಹೆದರುವವರಿದ್ದಾರೆ. ಆರ್ಟಿಮಿಡೋರಸ್‌ಗೆ ಬಾಯಿಯೆಂದರೆ ಮನೆ, ಹಲ್ಲುಗಳೆಂದರೆ ಮನೆಮಂದಿ. ಬಲಗಡೆಯವು ಗಂಡಸರು, ಎಡಗಡೆಯವು ಹೆಂಗಸರು. ಫ್ರಾಯ್ಡ್‌ಗೆ ಇದರಲ್ಲಿ ಕಂಡದ್ದು ಲೈಂಗಿಕ ತಳಮಳ. 2018ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕಿಯರು, ನಾಮಾ ರೋಜನ್ ಮತ್ತು ನಿರಿತ್ ಸೋಫರ್-ಡುಡೆಕ್, ಈ ಕನಸು ಕಾಣುವವರನ್ನು ಅವರ ಮನಸ್ಸಿನ ಸಂಕಟ, ನಿದ್ರೆಯ ಗುಣ, ಬಾಯಿಯ ಸ್ಥಿತಿ ಇವೆಲ್ಲವನ್ನೂ ಕೇಳಿ ತಾಳೆ ನೋಡಿದರು. ಮಾನಸಿಕ ಕ್ಲೇಶಕ್ಕೂ ಹಲ್ಲುದುರುವ ಕನಸಿಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಬೆಳಗ್ಗೆ ಏಳುವಾಗ ಹಲ್ಲು, ವಸಡು, ದವಡೆಗಳಲ್ಲಿ ಇರುವ ಬಿಗಿತ ಮತ್ತು ನೋವಿಗೆ. ಶತಮಾನಗಳಿಂದ ಸಾವಿನ ಭಯ ಹುಟ್ಟಿಸಿದ ಕನಸಿನ ಬೇರು, ಕೆಲವರಲ್ಲಾದರೂ, ರಾತ್ರಿ ಹಲ್ಲು ಕಚ್ಚಿ ಮಲಗುವ ಅಭ್ಯಾಸದಲ್ಲಿ ಇರಬಹುದು. ಇದೊಂದೇ ಅಧ್ಯಯನದಿಂದ ಎಲ್ಲ ತೀರ್ಮಾನವಾಯಿತು ಎನ್ನಲಾಗದು. ಆದರೆ ಹಳೆಯ ಪಟ್ಟಿಗಳ ಬೆನ್ನಿಗೆ ಇಂಥ ಒಂದು ಪರೀಕ್ಷೆಯೂ ಇಲ್ಲ ಎಂಬುದನ್ನು ಮರೆಯಬಾರದು.

ಆರ್ಟಿಮಿಡೋರಸ್‌ನ ಮೇಲೆ ಮಾತ್ರ ತಪ್ಪು ಹೊರಿಸಲು ಮನಸ್ಸು ಬರುವುದಿಲ್ಲ. ಕನಸು ಬಿಡಿಸುವವನು ಮೊದಲು ಕನಸು ಕಂಡವನ ಕಸುಬು, ಆಸ್ತಿ, ವಯಸ್ಸು, ಆರೋಗ್ಯ, ಅವನ ಊರಿನ ರೂಢಿ ಎಲ್ಲವನ್ನೂ ವಿಚಾರಿಸಿಕೊಳ್ಳಬೇಕು ಎಂದು ಅವನು ಒತ್ತಿ ಹೇಳಿದ್ದಾನೆ. ಒಂದೇ ಕನಸು ಬಡವನಿಗೊಂದು, ಸಿರಿವಂತನಿಗೊಂದು ಅರ್ಥ ಕೊಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನ ನಂತರದವರು ಪಟ್ಟಿಯನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟರು. ಫ್ರಾಯ್ಡ್‌ನ ಪ್ರಸಂಗದಲ್ಲೂ ಆದದ್ದು ಇದೇ. ‘ಕನಸುಗಳ ವ್ಯಾಖ್ಯಾನ’ ಎಂಬ ಅವನ ಪುಸ್ತಕ 1899ರ ಕೊನೆಗೆ ಹೊರಬಂತು, ಮುಖಪುಟದಲ್ಲಿ 1900 ಎಂದು ಅಚ್ಚಾಗಿತ್ತು. ಪ್ರತಿ ಚಿತ್ರದ ಬಗ್ಗೆ ಕಂಡವರಿಗೆ ಏನೇನು ನೆನಪಾಗುತ್ತದೋ ಅದನ್ನೇ ಕೇಳಬೇಕು, ಸಿದ್ಧ ಕೀಲಿಕೈ ಹಿಡಿದು ಹೋಗಬಾರದು ಎಂದು ಅವನು ಮೊದಲು ಹೇಳಿದ್ದು ದೊಡ್ಡ ಮಾತು. ಕನಸನ್ನು ದೇವರಿಂದ, ಜೋಯಿಸರಿಂದ ಬಿಡಿಸಿ ಕಂಡವರ ಕೈಗೇ ಕೊಟ್ಟದ್ದು ಅವನ ಉಪಕಾರ. ಆದರೆ ಮುಂದಿನ ಆವೃತ್ತಿಗಳಲ್ಲಿ ಸಂಕೇತಗಳ ಪಟ್ಟಿ ಬೆಳೆಯುತ್ತ ಹೋಯಿತು. ಅದಕ್ಕಿಂತ ದೊಡ್ಡ ತೊಡಕು, ಎಲ್ಲ ಕನಸೂ ಬಯಕೆಯ ಈಡೇರಿಕೆಯೇ ಎಂಬ ಹಟ. ಅತ್ತೆಯ ಜೊತೆ ಬೇಸಗೆ ಕಳೆಯಲು ಸುತರಾಂ ಇಷ್ಟವಿಲ್ಲದೆ ದೂರದಲ್ಲಿ ಬೇರೆ ಮನೆ ಗೊತ್ತು ಮಾಡಿಕೊಂಡಿದ್ದ ಒಬ್ಬ ಹೆಂಗಸಿಗೆ ಅತ್ತೆಯ ಜೊತೆಯಲ್ಲೇ ಪ್ರಯಾಣ ಹೊರಟಂತೆ ಕನಸು ಬಿತ್ತು. ಇದು ಅವಳ ಬಯಕೆಗೆ ತೀರ ಉಲ್ಟಾ. ಫ್ರಾಯ್ಡ್ ಕೊಟ್ಟ ಉತ್ತರ: ನನ್ನ ಸಿದ್ಧಾಂತ ಸುಳ್ಳಾಗಲಿ ಎಂಬುದೇ ಅವಳ ಬಯಕೆಯಾಗಿತ್ತು, ಕನಸು ಅದನ್ನು ಈಡೇರಿಸಿತು. ಹೀಗೆ ಹೇಳಿದ ಮೇಲೆ ಯಾವ ಕನಸೂ ಆ ಸಿದ್ಧಾಂತವನ್ನು ಅಲ್ಲಗಳೆಯಲಾರದು. ಯಾವುದರಿಂದಲೂ ಸುಳ್ಳಾಗದ ವಿವರಣೆಯಿಂದ ನಿರ್ದಿಷ್ಟವಾಗಿ ಏನೂ ತಿಳಿದುಬರುವುದಿಲ್ಲ.

ಹಾಗಾದರೆ ಮಿದುಳನ್ನೇ ಕೇಳೋಣ ಎಂದು ಹೊರಟವರ ಕಥೆ 1953ರಲ್ಲಿ ಶಿಕಾಗೊದಲ್ಲಿ ಶುರುವಾಗುತ್ತದೆ. ಯೂಜಿನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬಿಬ್ಬರು, ಮಲಗಿದವರ ಕಣ್ಣುಗುಡ್ಡೆಗಳು ರಾತ್ರಿಯಲ್ಲಿ ಆಗಾಗ ಮುಚ್ಚಿದ ರೆಪ್ಪೆಯಡಿ ಸರಸರನೆ ಓಡಾಡುವುದನ್ನು ದಾಖಲಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಹೆಚ್ಚಿನವರು ಕನಸು ಹೇಳುತ್ತಿದ್ದರು. ರೆಮ್ ನಿದ್ರೆ ಎಂದು ಕರೆಯುವ ಈ ಹಂತ ಸುಮಾರು ಒಂದೂವರೆ ಗಂಟೆಗೊಮ್ಮೆ ಮರುಕಳಿಸುತ್ತದೆ. ಮೊದಲ ಸಲ ಕೆಲವೇ ನಿಮಿಷ, ಬೆಳಗು ಹತ್ತಿರವಾದಂತೆ ಅರ್ಧ ಗಂಟೆ ಅಥವಾ ಇನ್ನೂ ಹೆಚ್ಚು. ಆ ಹೊತ್ತಿಗೆ ಮಿದುಳಿನಲ್ಲಿ ಭಯ, ಪ್ರೀತಿ, ಕೋಪಗಳಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿರುತ್ತವೆ, ತರ್ಕಕ್ಕೂ ಲೆಕ್ಕಾಚಾರಕ್ಕೂ ಬೇಕಾದ ಹಣೆಯ ಹಿಂದಿನ ಭಾಗ ಮಂದವಾಗಿರುತ್ತದೆ. ಸತ್ತ ಅಜ್ಜ ಬಂದು ಪಕ್ಕದಲ್ಲಿ ಕೂತರೂ ಕನಸಿನಲ್ಲಿ ನಮಗೆ ಆಶ್ಚರ್ಯವಾಗದಿರುವುದಕ್ಕೆ ಇದು ಕಾರಣವಿರಬೇಕು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ನಂಬಿಕೆಯ ಮೂಲವೂ ಇಲ್ಲಿ ಸಿಗುತ್ತದೆ. ಮೊದಲ ಜಾವದ ಕನಸಿಗೆ ಫಲ ವರ್ಷ ಕಳೆದು, ಕೊನೆಯ ಜಾವದ್ದಕ್ಕೆ ಬೇಗನೆ ಎಂದು ಸ್ವಪ್ನಶಾಸ್ತ್ರಗಳು ಬರೆದವು. ಬೆಳಗಿನ ಕನಸು ಉದ್ದವಾಗಿರುತ್ತದೆ, ಬಣ್ಣ ಬಣ್ಣವಾಗಿರುತ್ತದೆ, ಅದರ ಬೆನ್ನಿಗೇ ಎಚ್ಚರವಾಗುವುದರಿಂದ ನೆನಪೂ ಉಳಿಯುತ್ತದೆ. ಹಿರಿಯರು ಗಮನಿಸಿದ್ದು ಸರಿಯಾಗಿಯೇ ಇತ್ತು. ಬೆಳಗಿನ ಕನಸಿಗೆ ವಿಶೇಷವಿದೆ. ಆ ವಿಶೇಷವನ್ನು ಭವಿಷ್ಯಕ್ಕೆ ಗಂಟುಹಾಕಿದ್ದರಲ್ಲಿ ಮಾತ್ರ ಎಡವಿದರು.

ಇಲ್ಲಿ ಎದುರಾಗುವ ಆಕ್ಷೇಪ ಗಟ್ಟಿಯಾದದ್ದು. 1977ರಲ್ಲಿ ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ, ರೆಮ್ ನಿದ್ರೆಯಲ್ಲಿ ಮಿದುಳಿನ ಕಾಂಡದಿಂದ ಅಡ್ಡಾದಿಡ್ಡಿ ಸಂಕೇತಗಳು ಮೇಲಕ್ಕೆ ಚಿಮ್ಮುತ್ತವೆ, ಮೇಲಿನ ಮಿದುಳು ಅವನ್ನು ಹೇಗೋ ಹೊಂದಿಸಿ ಕಥೆ ಕಟ್ಟುತ್ತದೆ, ಅದೇ ಕನಸು ಎಂದರು. ಕನಸಿಗೆ ಅರ್ಥ ಹುಡುಕುವುದೇ ವ್ಯರ್ಥ ಎಂಬ ಮಾತಿಗೆ ಇದು ಆಧಾರವಾಯಿತು. ಹಾಬ್ಸನ್ ಸ್ವತಃ ಅಷ್ಟು ದೂರ ಹೋಗಲಿಲ್ಲ. ಆ ಕಥೆ ಕಟ್ಟುವ ರೀತಿಯಲ್ಲಿ ಮನುಷ್ಯನ ಗುರುತು ಇರುತ್ತದೆ ಎಂದು ಒಪ್ಪಿದ. ಬರೀ ಗದ್ದಲವಾಗಿದ್ದರೆ ಎಲ್ಲರ ಕನಸೂ ಒಂದೇ ಬಗೆಯ ಕಲಸುಮೇಲೋಗರವಾಗಿರಬೇಕಿತ್ತು. ಹಾಗಿಲ್ಲ. ಹುಟ್ಟು ಕುರುಡರ ಕನಸಿನಲ್ಲಿ ದೃಶ್ಯಗಳು ಇರುವುದಿಲ್ಲ, ಅವರು ದನಿ, ಸ್ಪರ್ಶ, ವಾಸನೆಗಳಲ್ಲಿ ಕನಸು ಕಾಣುತ್ತಾರೆ. 2000ದಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ ಕೆಲವರಿಗೆ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿ, ನಿದ್ರೆಗೆ ಜಾರುವ ಹೊತ್ತಿನಲ್ಲಿ ಏನು ಕಂಡಿತೆಂದು ಕೇಳಿತು. ಮೇಲಿನಿಂದ ಬೀಳುವ ತುಂಡುಗಳು ಅನೇಕರಿಗೆ ಕಂಡಿದ್ದವು. ಬೆರಗಿನ ಸಂಗತಿಯೆಂದರೆ, ಅವರಲ್ಲಿ ಐವರು ಮಿದುಳಿಗೆ ಹಾನಿಯಾಗಿ ಹೊಸ ನೆನಪೇ ನಿಲ್ಲದವರು. ಆಟ ಆಡಿದ್ದೇ ಅವರಿಗೆ ನೆನಪಿರಲಿಲ್ಲ, ಆದರೂ ಅವರಲ್ಲಿ ಮೂವರಿಗೆ ಆ ಆಕಾರಗಳು ಕಂಡವು. ಎಚ್ಚರದ ಮನಸ್ಸು ಕಳೆದುಕೊಂಡದ್ದನ್ನೂ ನಿದ್ರೆಯ ಮನಸ್ಸು ಎತ್ತಿಟ್ಟುಕೊಂಡಿತ್ತು. ಕ್ಯಾಲ್ವಿನ್ ಹಾಲ್ ಮತ್ತು ರಾಬರ್ಟ್ ವಾನ್ ಡಿ ಕ್ಯಾಸಲ್ 1966ರಲ್ಲಿ 200 ವಿದ್ಯಾರ್ಥಿಗಳ ಒಂದು ಸಾವಿರ ಕನಸುಗಳನ್ನು ಪಾತ್ರ, ಜಾಗ, ಜಗಳ, ಸ್ನೇಹ, ಭಾವನೆ ಎಂದು ಬಿಡಿಬಿಡಿಯಾಗಿ ಎಣಿಸಿದರು. ಅಲ್ಲಿ ಇದ್ದ ಭಾವನೆಗಳಲ್ಲಿ ಐದರಲ್ಲಿ ನಾಲ್ಕು ಪಾಲು ಭಯ, ಕೋಪ, ದುಃಖ, ಗೊಂದಲಗಳೇ. ಕೆಟ್ಟ ಕನಸು ಬಿದ್ದರೆ ಏನೋ ಕೆಟ್ಟದ್ದು ಕಾದಿದೆ ಎಂದುಕೊಳ್ಳುವವರು ಇದನ್ನು ತಿಳಿಯಬೇಕು. ಕನಸಿನ ಸಾಮಾನ್ಯ ಬಣ್ಣವೇ ಅದು. ಒಬ್ಬರೇ ವರ್ಷಗಟ್ಟಲೆ ಬರೆದಿಟ್ಟ ಕನಸುಗಳನ್ನು ವಿಲಿಯಂ ಡಾಮ್ಹಾಫ್ ಇದೇ ಬಗೆಯಲ್ಲಿ ಎಣಿಸಿದಾಗ, ಆ ವ್ಯಕ್ತಿಗೆ ಯಾರ ಮೇಲೆ ಅಕ್ಕರೆ, ಯಾರ ಬಗ್ಗೆ ಅಸಮಾಧಾನ, ಯಾವುದರ ಚಿಂತೆ ಎಂಬುದು ಎಚ್ಚರದ ಬದುಕಿಗೆ ಹೊಂದುವಂತೆ ಸಿಕ್ಕಿತು.

ಸಂಖ್ಯೆಗಿಂತ ಹೆಚ್ಚು ಮನಸ್ಸಿಗೆ ನಾಟುವುದು ಷಾರ್ಲೋಟ್ ಬೆರಾಟ್ ಎಂಬ ಪತ್ರಕರ್ತೆ ಹಿಟ್ಲರನ ಜರ್ಮನಿಯಲ್ಲಿ ಗುಟ್ಟಾಗಿ ಕೂಡಿಸಿದ ಕನಸುಗಳು. 1933ರಿಂದ 1939ರವರೆಗೆ ಜನರನ್ನು ಮಾತಿಗೆಳೆದು ಸುಮಾರು ಮುನ್ನೂರು ಕನಸು ಬರೆದುಕೊಂಡ ಆಕೆ, ದೇಶ ಬಿಟ್ಟು ಹೋದ ಮೇಲೆ 1966ರಲ್ಲಿ ಅವನ್ನು ಪುಸ್ತಕ ಮಾಡಿದರು. ಹಿಟ್ಲರ್ ಅಧಿಕಾರ ಹಿಡಿದ ಮೂರೇ ದಿನಕ್ಕೆ, ಅರವತ್ತರ ಆಸುಪಾಸಿನ ಒಬ್ಬ ಕಾರ್ಖಾನೆ ಮಾಲೀಕನಿಗೆ ಒಂದು ಕನಸು ಬಿತ್ತು. ನಾಜಿ ನಾಯಕ ಗೋಬೆಲ್ಸ್ ಅವನ ಕಾರ್ಖಾನೆಗೆ ಬಂದಿದ್ದಾನೆ, ಕೆಲಸಗಾರರು ಎರಡು ಸಾಲಾಗಿ ನಿಂತಿದ್ದಾರೆ, ನಡುವೆ ನಿಂತ ಇವನು ನಾಜಿ ವಂದನೆಗೆ ಕೈ ಎತ್ತಬೇಕು. ಕೈ ಮೇಲೇಳುವುದಿಲ್ಲ. ಇಂಚಿಂಚಾಗಿ ಎತ್ತಲು ಅರ್ಧ ಗಂಟೆ ಹಿಡಿಯುತ್ತದೆ, ಗೋಬೆಲ್ಸ್ ಸುಮ್ಮನೆ ನೋಡುತ್ತ ನಿಂತಿರುತ್ತಾನೆ. ಕೊನೆಗೆ ಕೈ ಮೇಲೆ ಬಂದಾಗ, ನಿನ್ನ ವಂದನೆ ನನಗೆ ಬೇಡ ಎಂದು ಹೇಳಿ ಹೊರಟುಹೋಗುತ್ತಾನೆ. ತನ್ನ ಕೆಲಸಗಾರರ ಎದುರಿಗೇ ಮಾಲೀಕ ಎತ್ತಿದ ಕೈ ಹಾಗೇ ಹಿಡಿದು ನಿಂತುಬಿಡುತ್ತಾನೆ. ಕೈ ಎತ್ತುವ ಕನಸಿಗೆ ಯಾವ ಪಂಚಾಂಗದಲ್ಲಿ ಫಲ ಹುಡುಕಬೇಕು? ಹುಡುಕುವ ಅಗತ್ಯವೇ ಇಲ್ಲ. ಆ ಮನುಷ್ಯ ಯಾರು, ಆ ವಾರ ಅವನ ದೇಶದಲ್ಲಿ ಏನಾಯಿತು ಎಂದು ಗೊತ್ತಿದ್ದರೆ ಸಾಕು, ಕನಸು ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಅದು ಗದ್ದಲವೂ ಅಲ್ಲ, ದೈವವಾಣಿಯೂ ಅಲ್ಲ. ಹಗಲಿನಲ್ಲಿ ಬಾಯಿಬಿಟ್ಟು ಹೇಳಲಾಗದ ಅವಮಾನದ ಭಯ.

ಎಚ್ಚರದ ಬದುಕಿಗೂ ಕನಸಿಗೂ ಇರುವ ಈ ನಂಟು ಪಶ್ಚಿಮದ ಪ್ರಯೋಗಾಲಯಗಳಿಂದ ಬಂದ ಹೊಸ ವಿಚಾರವೆಂದು ತಿಳಿಯಬಾರದು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ವಾತಪಿತ್ತಕಫಗಳ ದೋಷದಿಂದ ಹುಟ್ಟುವುದು. ಇವುಗಳಲ್ಲಿ ಮೊದಲ ಐದಕ್ಕೂ ಫಲವಿಲ್ಲ, ಅಂದರೆ ಅವು ಭವಿಷ್ಯ ಹೇಳುವುದಿಲ್ಲ ಎಂದು ಆ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಹಗಲು ಬಿದ್ದ ಕನಸಿಗೂ, ತೀರ ಚಿಕ್ಕದಾದ ಅಥವಾ ತೀರ ಉದ್ದವಾದ ಕನಸಿಗೂ ಫಲವಿಲ್ಲ. ಅದೇ ಅಧ್ಯಾಯದಲ್ಲಿ ಸಾವನ್ನು ಸೂಚಿಸುವ ಕನಸುಗಳ ವಿವರವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಏಳರಲ್ಲಿ ಐದನ್ನು ಎಚ್ಚರದ ಬದುಕಿಗೂ ಒಂದನ್ನು ದೇಹಕ್ಕೂ ಬಿಟ್ಟುಕೊಟ್ಟ ವೈದ್ಯರ ವಿವೇಕ ನನಗೆ ದೊಡ್ಡದಾಗಿ ಕಾಣುತ್ತದೆ. ಸಂಪ್ರದಾಯದ ಹೆಸರಿನಲ್ಲಿ ಪ್ರತಿ ಕನಸಿಗೂ ಫಲ ಹೇಳುವವರು ಆ ಸಂಪ್ರದಾಯದ ಒಂದು ತುದಿಯನ್ನು ಮಾತ್ರ ಹಿಡಿದಿದ್ದಾರೆ.

ಆದರೂ ನಿಜವಾದ ಕನಸುಗಳ ಮಾತೇನು ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಮಗನಿಗೆ ಅಪಘಾತವಾದ ಹಿಂದಿನ ರಾತ್ರಿ ಅಂಥದ್ದೇ ಕನಸು ಕಂಡ ತಾಯಿಗೆ ಅದು ಕಾಕತಾಳೀಯ ಎಂದರೆ ಸಮಾಧಾನವಾಗುವುದಿಲ್ಲ. ಲೆಕ್ಕ ಮಾತ್ರ ಇದ್ದೇ ಇದೆ. 140 ಕೋಟಿ ಜನರ ದೇಶದಲ್ಲಿ ಒಬ್ಬೊಬ್ಬರು ರಾತ್ರಿಗೆ ನಾಲ್ಕೈದು ಸಲ ಕನಸಿನ ಹಂತಕ್ಕೆ ಹೋಗಿಬರುತ್ತಾರೆ. ಇಷ್ಟು ಕನಸುಗಳಲ್ಲಿ ಕೆಲವಾದರೂ ಮರುದಿನದ ಘಟನೆಗೆ ಹೊಂದದೇ ಇದ್ದರೆ ಅದೇ ಸೋಜಿಗ. ಹೊಂದಿದ್ದನ್ನು ಜೀವಮಾನವಿಡೀ ಹೇಳಿಕೊಳ್ಳುತ್ತೇವೆ, ಹೊಂದದ್ದು ಹಲ್ಲುಜ್ಜುವ ಹೊತ್ತಿಗೇ ಮರೆತಿರುತ್ತದೆ. ಇದನ್ನು ನೇರವಾಗಿ ಪರೀಕ್ಷಿಸುವ ಅವಕಾಶ 1932ರಲ್ಲಿ ಅಮೆರಿಕದಲ್ಲಿ ಒದಗಿತು. ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನ ಎಳೆಯ ಮಗುವನ್ನು ಯಾರೋ ಅಪಹರಿಸಿದಾಗ, ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಹೆನ್ರಿ ಮರ್ರೆ ಮಗುವಿನ ಬಗ್ಗೆ ಬಿದ್ದ ಕನಸುಗಳನ್ನು ಕಳಿಸಿ ಎಂದು ಪತ್ರಿಕೆಯ ಮೂಲಕ ಜನರನ್ನು ಕೇಳಿದ. 1300ಕ್ಕೂ ಹೆಚ್ಚು ಕನಸುಗಳು ಬಂದವು. ಆಮೇಲೆ ಮಗುವಿನ ಶವ ಮರಗಳ ನಡುವೆ ಹೂತ ಸ್ಥಿತಿಯಲ್ಲಿ ಸಿಕ್ಕಿತು. ಮಗು ಸತ್ತಿದೆ ಎಂದು ತೋರಿಸಿದ ಕನಸುಗಳು ಶೇ 5ರಷ್ಟು. ಸಾವು, ಹೂತ ಗುಂಡಿ, ಮರಗಳು ಮೂರೂ ಇದ್ದ ಕನಸುಗಳು ನಾಲ್ಕೇ ನಾಲ್ಕು. ಆ ನಾಲ್ವರು ತಮ್ಮ ಕನಸು ನಿಜವಾಯಿತೆಂದು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ಉಳಿದ ಸಾವಿರದ ಮುನ್ನೂರನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತ್ರ ಅದು ಪವಾಡ. ಚಂದ್ರಗುಪ್ತನ ಹಾವಿನ ಕಥೆಯಲ್ಲೂ, ಅದನ್ನು ಬರೆದಿಟ್ಟವರಿಗೆ ಕ್ಷಾಮದ ಕಥೆ ಮೊದಲೇ ಗೊತ್ತಿತ್ತು. ಆ ಕಥೆಯ ಬೆಲೆ ಇದರಿಂದ ಕುಗ್ಗುವುದಿಲ್ಲ. ಅಯೋಗ್ಯರು ಪೀಠವೇರುವ, ಧರ್ಮ ಬತ್ತುವ ಕಾಲದ ಬಗ್ಗೆ ಒಂದು ಸಮುದಾಯಕ್ಕಿದ್ದ ಆತಂಕವನ್ನು ಅದು ಹದಿನಾರು ಚಿತ್ರಗಳಲ್ಲಿ ಹಿಡಿದಿಟ್ಟಿದೆ.

ಕನಸಿನಿಂದ ದೊಡ್ಡ ದೊಡ್ಡ ಶೋಧಗಳಾಗಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಆಗಿವೆ. ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂದು ಕಪ್ಪೆಯ ಹೃದಯದಲ್ಲಿ ತೋರಿಸಿ 1936ರಲ್ಲಿ ನೊಬೆಲ್ ಹಂಚಿಕೊಂಡ ಆಟೋ ಲೋವಿಗೆ ಆ ಪ್ರಯೋಗ ಹೊಳೆದದ್ದು ನಿದ್ರೆಯಲ್ಲಿ. ಮೊದಲ ರಾತ್ರಿ ಎದ್ದು ಗೀಚಿಟ್ಟದ್ದನ್ನು ಬೆಳಗ್ಗೆ ಓದಲಾಗಲಿಲ್ಲ. ಮರುರಾತ್ರಿ ಅದೇ ಮತ್ತೆ ಹೊಳೆದಾಗ ನೇರ ಪ್ರಯೋಗಾಲಯಕ್ಕೆ ನಡೆದ. ಆದರೆ ಆ ಊಹೆ 1903ರಲ್ಲೇ ತನ್ನ ತಲೆಗೆ ಬಂದಿತ್ತೆಂದು ಲೋವಿಯೇ ಬರೆದಿದ್ದಾನೆ. ನಾಮಕ್ಕಲ್ಲಿನ ನಾಮಗಿರಿ ತಾಯಿಯನ್ನು ನಂಬಿದವರು ಸಾವಿರಾರು ಜನ, ಕನಸಿನಲ್ಲಿ ಸಮೀಕರಣಗಳು ಕಂಡದ್ದು ಎಚ್ಚರದಲ್ಲಿ ನೋಟುಪುಸ್ತಕಗಳನ್ನು ತುಂಬಿಸುತ್ತಿದ್ದ ಗಣಿತಜ್ಞ ರಾಮಾನುಜನ್‌ಗೆ. ಬಾಲ ಕಚ್ಚಿದ ಹಾವು ಬೆಂಜೀನ್ ಆದದ್ದು ಇಂಗಾಲದ ಸರಪಳಿಗಳ ಬಗ್ಗೆ ವರ್ಷಗಟ್ಟಲೆ ತಲೆಕೆಡಿಸಿಕೊಂಡವನಿಗೆ. ಹಗಲು ತುಂಬಿದ್ದನ್ನು ಕನಸು ಹೊಸದಾಗಿ ಜೋಡಿಸಬಲ್ಲದು, ಕೆಲವೊಮ್ಮೆ ಎಚ್ಚರದ ತರ್ಕಕ್ಕಿಂತ ಧೈರ್ಯವಾಗಿ ಜೋಡಿಸಬಲ್ಲದು. ತುಂಬದೇ ಇದ್ದದ್ದನ್ನು ಕೊಡಲಾರದು.

ಹೀಗಾಗಿ ನಿಮ್ಮ ಕನಸನ್ನು ನಿಮಗಿಂತ ಚೆನ್ನಾಗಿ ಬಿಡಿಸಬಲ್ಲವರು ಇಲ್ಲ. ಹಾವು ಕಂಡಿತೆಂದಾಗ ಹಾವಿಗೆ ಏನರ್ಥ ಎಂದು ಹೊರಗಿನವರನ್ನು ಕೇಳುವ ಬದಲು, ಆ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದದ್ದು ಹೆದರಿಕೆಯೋ, ಕುತೂಹಲವೋ, ತಪ್ಪು ಮಾಡಿದ ಭಾವವೋ, ಅದೇ ಭಾವ ಕಳೆದ ಕೆಲವು ದಿನಗಳಲ್ಲಿ ಎಲ್ಲಿ ಕಾಡಿತ್ತು ಎಂದು ಕೇಳಿಕೊಳ್ಳಿ. ಎದ್ದ ಕೂಡಲೇ, ಫೋನು ಮುಟ್ಟುವ ಮೊದಲು, ಎರಡು ಸಾಲು ಬರೆದಿಟ್ಟರೆ ಸಾಕು. ಒಂದು ಕನಸಿಗೆ ಹೆಚ್ಚು ಭಾರ ಹೊರಿಸಬೇಡಿ. ತಿಂಗಳುಗಟ್ಟಲೆ ಮರಳಿ ಬರುವ ಕನಸಿಗೆ ಗಮನ ಕೊಡಿ. ಶಿಕಾಗೊದ ರೊಸಾಲಿಂಡ್ ಕಾರ್ಟ್‌ರೈಟ್ ವಿಚ್ಛೇದನದ ನೋವಿನಿಂದ ಖಿನ್ನರಾದವರನ್ನು ಗಮನಿಸಿದಾಗ, ಅಗಲಿದ ಸಂಗಾತಿಯನ್ನು ಭಾವ ತುಂಬಿ ಕನಸಿನಲ್ಲಿ ಕಂಡವರು ಮುಂದೆ ಹೆಚ್ಚು ಚೇತರಿಸಿಕೊಂಡಿದ್ದರು. ನೋವಿನ ಕನಸೆಲ್ಲ ಅಪಶಕುನವಲ್ಲ, ಕೆಲವು ಮನಸ್ಸು ತನ್ನ ಗಾಯಕ್ಕೆ ತಾನೇ ಮದ್ದು ಹಚ್ಚಿಕೊಳ್ಳುವ ಬಗೆಯೂ ಇರಬಹುದು. ಇದನ್ನು ಮೀರಿ ಒಂದೇ ದುಃಸ್ವಪ್ನ ಪದೇ ಪದೇ ಬಂದು ನಿದ್ರೆಗೆಡಿಸುತ್ತಿದ್ದರೆ ಶಾಂತಿ, ದೋಷಪರಿಹಾರ ಎಂದು ಸಾಲ ಮಾಡುವ ಅಗತ್ಯವಿಲ್ಲ. ಆ ಕನಸಿನ ಮುಕ್ತಾಯವನ್ನು ಹಗಲಿನಲ್ಲಿ ತಮಗೆ ಬೇಕಾದಂತೆ ಬದಲಿಸಿ ಬರೆದು, ಅದನ್ನೇ ದಿನವೂ ಕೆಲ ನಿಮಿಷ ಮನಸ್ಸಿನಲ್ಲಿ ಕಾಣುವ ಅಭ್ಯಾಸದಿಂದ ದುಃಸ್ವಪ್ನ ಕಡಿಮೆಯಾಗುತ್ತದೆ ಎಂದು ಬ್ಯಾರಿ ಕ್ರಾಕೋ ತಂಡ 2001ರಲ್ಲಿ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ತೋರಿಸಿಕೊಟ್ಟಿತು. ಮನೋವೈದ್ಯರ ನೆರವಿನಿಂದ ಇದನ್ನು ಕಲಿಯಬಹುದು.

ಕನಸಿನಿಂದ ಭವಿಷ್ಯ ತಿಳಿಯುವ ಒಂದು ಪ್ರಸಂಗ ಮಾತ್ರ ವೈದ್ಯಶಾಸ್ತ್ರಕ್ಕೂ ಒಪ್ಪಿಗೆಯಿದೆ. ಅಲ್ಲಿ ಮುಖ್ಯವಾಗುವುದು ಕನಸಿನ ಕಥೆಯಲ್ಲ, ಮಲಗಿದವರ ಕೈಕಾಲು. ರೆಮ್ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲವಾಗಿ ಅಲುಗಾಡದಂತೆ ಇರಬೇಕು. ಕೆಲವರಲ್ಲಿ, ಅದರಲ್ಲೂ ಐವತ್ತು ದಾಟಿದ ಗಂಡಸರಲ್ಲಿ, ಈ ತಡೆ ಕಳಚಿ ಅವರು ಕನಸಿನ ಜಗಳವನ್ನು ಹಾಸಿಗೆಯಲ್ಲೇ ಆಡುತ್ತಾರೆ, ಕೂಗುತ್ತಾರೆ, ಪಕ್ಕದಲ್ಲಿ ಮಲಗಿದವರಿಗೆ ಗುದ್ದುತ್ತಾರೆ. 1986ರಲ್ಲಿ ಮೊದಲು ಸರಿಯಾಗಿ ಗುರುತಿಸಲಾದ ಈ ತೊಂದರೆ ಕೆಲವು ಔಷಧಗಳಿಂದಲೂ ಬರಬಹುದು. ಬೇರೆ ಕಾರಣವಿಲ್ಲದೆ ಇದು ಬಂದವರನ್ನು ವರ್ಷಗಟ್ಟಲೆ ಗಮನಿಸಿದ, 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, 12 ವರ್ಷಗಳೊಳಗೆ ಸುಮಾರು ನಾಲ್ವರಲ್ಲಿ ಮೂವರಿಗೆ ಪಾರ್ಕಿನ್ಸನ್ ಅಥವಾ ಅದೇ ಗುಂಪಿನ ಮಿದುಳಿನ ರೋಗ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ನಿದ್ರೆಯಲ್ಲಿ ಹೀಗೆ ಕೈಕಾಲು ಬೀಸುತ್ತಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.